ಚಿಲ್ಲರೆ ಇದ್ದಾಗ ಟಿಪ್ಸ್ ಇತ್ತು

ಪಿಜ್ಜಾ ಡೆಲಿವರಿ ಕೆಲಸ ಅಂದ ತಕ್ಷಣ ಎಲ್ಲರೂ ಕೇಳೋದು ಒಂದೇ ಪ್ರಶ್ನೆ. ದೊಡ್ಡ ಅಪಾರ್ಟ್‌ಮೆಂಟಿನವರು ಜಾಸ್ತಿ ಟಿಪ್ಸ್ ಕೊಡ್ತಾರಾ? ಇಲ್ಲ. ಜಯನಗರ, ಬನಶಂಕರಿ, ಆಮೇಲೆ ಬಿಟಿಎಂ, ಎಚ್‌ಎಸ್‌ಆರ್ ಲೇಔಟ್ ಕಡೆ ವರ್ಷಗಟ್ಟಲೆ ಗಾಡಿ ಓಡಿಸಿದ್ದೀನಿ. ಮನೆ ಎಷ್ಟು ದೊಡ್ಡದು ಅನ್ನೋದಕ್ಕೂ ಟಿಪ್ಸ್‌ಗೂ ಅಂಥ ಸಂಬಂಧವೇನೂ ಕಾಣಲಿಲ್ಲ. ದುಡ್ಡು ಕೈಯಿಂದ ಕೈಗೆ ಹೋಗುತ್ತಾ ಇಲ್ವಾ, ಅದೇ ಮುಖ್ಯ.

ನಾನು ಸೇರಿದ ಹೊಸದರಲ್ಲಿ ಬಹುಪಾಲು ಆರ್ಡರ್ ಕ್ಯಾಶ್. ಪಿಜ್ಜಾ ಬಿಲ್ಲು ಯಾವತ್ತೂ ನೆಟ್ಟಗೆ 400, 500 ಅಂತ ಬರಲ್ಲ, ಟ್ಯಾಕ್ಸ್ ಸೇರಿ 452, 617 ಹೀಗೇನೋ ಆಗಿರುತ್ತೆ. ನಮಗೆ ಬರ್ತಿದ್ದದ್ದು ಆ ಬಾಲದಿಂದಲೇ. 452ಕ್ಕೆ 500 ಕೊಟ್ಟರು ಅಂದುಕೊಳ್ಳಿ, 48 ವಾಪಸ್ ಕೊಡಬೇಕು. ಎರಡು ಇಪ್ಪತ್ತರ ನೋಟು ಕೊಟ್ಟರೆ ಅವು ಸೀದಾ ಪರ್ಸಿಗೆ ಹೋಗುತ್ತವೆ. ಅದೇ ನಾಲ್ಕು ಹತ್ತರ ನೋಟು, ಮೇಲೆ ಎಂಟು ರೂಪಾಯಿ ನಾಣ್ಯ ಕೊಟ್ಟು ನೋಡಿ. ಒಂದು ಕೈಯಲ್ಲಿ ಬಿಸಿ ಬಾಕ್ಸು, ಇನ್ನೊಂದರಲ್ಲಿ ಚಿಲ್ಲರೆ, ಕಾಲಿಗೆ ಅಡ್ಡ ಬರೋ ಮಗು, ‘ಇರ್ಲಿ ಬಿಡಿ, ಟೀ ಕುಡೀರಿ’ ಅಂತ ನಾಣ್ಯವೂ ಒಂದು ಹತ್ತರ ನೋಟೂ ನಮ್ಮ ಕಡೆಗೇ ತಿರುಗುತ್ತೆ. ಹಾಗಾಗಿ ಡ್ಯೂಟಿಗೆ ಮುಂಚೆ ಟೀ ಅಂಗಡಿಯಲ್ಲಿ ನೂರರ ನೋಟು ಕೊಟ್ಟು ಹತ್ತು ಹತ್ತರದ್ದೇ ತಗೊಂಡು ಹೋಗ್ತಿದ್ದೆ. ಕೆಲವರು ‘ಚಿಲ್ಲರೆ ಇಲ್ಲ ಸರ್’ ಅಂತ ಜೇಬು ತಡಕೋ ನಾಟಕ ಆಡ್ತಿದ್ದರು. ಅದು ಟಿಪ್ಸ್ ಅಲ್ಲ, ಕಿತ್ತುಕೊಳ್ಳೋದು. ಒಂದ್ಸಲ ಕೊಟ್ಟವರು ಮುಂದಿನ ಸಲ ಪಕ್ಕದ ಮನೆಯಿಂದ ಚಿಲ್ಲರೆ ತಂದು ಎಣಿಸಿಟ್ಟುಕೊಂಡು ಕಾಯ್ತಾರೆ.

2016ರ ನವೆಂಬರ್ 8ರ ರಾತ್ರಿ 500, 1,000ದ ನೋಟು ರದ್ದಾಯ್ತಲ್ಲ, ಈ ಆಟ ಕೆಟ್ಟಿದ್ದು ಅಲ್ಲಿಂದ. ಹೊಸ 2,000ದ ನೋಟು ಬಂತು, ಅದಕ್ಕೆ ಚಿಲ್ಲರೆ ಕೊಡೋರು ಊರಲ್ಲೇ ಇರಲಿಲ್ಲ. ಆಮೇಲೆ ನಿಧಾನವಾಗಿ ಎಲ್ಲರೂ ಫೋನಿಗೆ ಹೋದರು. 2023ರ ಮೇನಲ್ಲಿ 2,000ದ ನೋಟು ವಾಪಸ್ ಅಂತ ರಿಸರ್ವ್ ಬ್ಯಾಂಕ್ ಹೇಳಿದಾಗ ಮಾತ್ರ ಮತ್ತೆ ಕ್ಯಾಶ್ ಆರ್ಡರ್ ಸುರಿಮಳೆ. ಬೀರುವಿನಲ್ಲಿ ಮಲಗಿದ್ದ ನೋಟೆಲ್ಲಾ ಪಿಜ್ಜಾ ನೆಪದಲ್ಲಿ ಹೊರಗೆ ಬಂದವು. ಟಿಪ್ಸ್ ಮನೆ ಹಾಳಾಗ್ಲಿ, ಉಳಿದ ಸಾವಿರದೈನೂರು ಹೊಂದಿಸೋಕೆ ಗೇಟಿನ ಸೆಕ್ಯುರಿಟಿ ಹತ್ತಿರ ಸಾಲ ಕೇಳಬೇಕಾಯ್ತು.

ಈಗ ಬಹುಪಾಲು ಮೊದಲೇ ಪೇ ಆಗಿರುತ್ತೆ. ಬಾಗಿಲು ಒಂದು ಗೇಣು ತೆರೆಯುತ್ತೆ, ಕೈ ಬರುತ್ತೆ, ‘ಥ್ಯಾಂಕ್ಸ್ ಬ್ರೋ’, ಬಾಗಿಲು ಮುಚ್ಚುತ್ತೆ. ನನಗೆ ಬೇಜಾರಿಲ್ಲ, ಕೊಡೋಣ ಅಂದರೂ ಅವರ ಕೈಯಲ್ಲಿ ಏನಿದೆ? ಆ್ಯಪ್‌ನಲ್ಲಿ 20, 30, 50 ಅಂತ ತೋರಿಸುತ್ತೆ ನಿಜ, ಆದರೆ ಅದನ್ನ ಹೆಚ್ಚಾಗಿ ಕೇಳೋದು ಆರ್ಡರ್ ಮಾಡುವಾಗ. ನಾನಿನ್ನೂ ಏನೂ ಮಾಡಿರೋದೇ ಇಲ್ಲ. ಜೋರು ಮಳೆ ಬಂದರೆ ಒತ್ತುತ್ತಾರೆ, ಇಲ್ಲದಿದ್ದರೆ ಇಲ್ಲ. ಕೆಲವರು ‘ನಂಬರ್ ಹೇಳಿ, ಫೋನ್‌ಪೇ ಮಾಡ್ತೀನಿ’ ಅಂತಾರೆ. ಅದಕ್ಕೇ ಫೋನಿನ ಹಿಂದೆ ನನ್ನ ಕ್ಯೂಆರ್ ಕೋಡ್ ಅಂಟಿಸಿಕೊಂಡಿದ್ದೀನಿ. ಕೇಳಿದರೆ ಮಾತ್ರ ತೋರಿಸೋದು. ನಾವಾಗಿಯೇ ಮುಂದೆ ಹಿಡಿದರೆ ಮುಖ ಗಂಟಾಗುತ್ತೆ.

ಬಿಟಿಎಂನ ಪಿಜಿ ಹುಡುಗರು ಐದು ಜನ ಸೇರಿ ಒಂದು ಪಿಜ್ಜಾಗೆ ದುಡ್ಡು ಕೂಡಿಸ್ತಾರೆ, ಆದರೂ ‘ಇಟ್ಕೊ ಅಣ್ಣಾ’ ಅಂತ ಮೇಲಿನ ಹತ್ತೋ ಇಪ್ಪತ್ತೋ ಬಿಡ್ತಾರೆ. ಜಯನಗರದ ಹಳೇ ಮನೆಗಳಲ್ಲಿ ರಿಟೈರ್ ಆದ ತಾತಂದಿರು ಕನ್ನಡಕ ಹಾಕ್ಕೊಂಡು ಬಿಲ್ ಓದಿ ರೂಪಾಯಿ ಲೆಕ್ಕ ಕೊಡ್ತಾರೆ. ಟಿಪ್ಸ್ ಅನ್ನೋದು ಅವರ ತಲೆಗೇ ಬರಲ್ಲ, ಆದರೆ ನೀರು ಬೇಕಾ ಅಂತ ಕೇಳೋರೂ ಅವರೇ. ಸಂಕ್ರಾಂತಿ ದಿನ ಒಂದು ಮನೆಯ ಅಜ್ಜಿ ಎಳ್ಳು ಬೆಲ್ಲದ ಪೊಟ್ಟಣ ಕೊಟ್ಟು, ಹೆಲ್ಮೆಟ್ ತೆಗೆದು ಇಲ್ಲೇ ತಿನ್ನು ಅಂದರು. ಲೇಟಾಗುತ್ತೆ ಅಂದರೂ ಬಿಡಲಿಲ್ಲ.

ಕಂಪನಿ ಪಾರ್ಟಿ ಆರ್ಡರ್ ಕಂಡರೆ ಹೊಸ ಹುಡುಗರು ಕುಣಿಯುತ್ತಾರೆ. ಸುಮ್ನೆ. ಹತ್ತು ಹನ್ನೆರಡು ಬಾಕ್ಸ್ ಹೊತ್ತುಕೊಂಡು ಬೆಳ್ಳಂದೂರು ಕಡೆಯ ಟೆಕ್ ಪಾರ್ಕ್ ಗೇಟಲ್ಲಿ ನಿಂತಿರಬೇಕು. ಕೊರಳಿಗೆ ಐಡಿ ಹಾಕ್ಕೊಂಡು ಒಬ್ಬರು ಇಳಿದು ಬರ್ತಾರೆ, ಬಾಕ್ಸ್ ಎಣಿಸ್ತಾರೆ, ಬಿಲ್ ಕೇಳ್ತಾರೆ, ಹೋಗ್ತಾರೆ. ಅದು ಅವರ ದುಡ್ಡಲ್ಲ, ಮೇಲೆ ಕೊಡೋಕೆ ಅವರಿಗೆ ಅಧಿಕಾರ ಇಲ್ಲ.

ಡಿಸೆಂಬರಿನಲ್ಲಿ ಅಮೆರಿಕದಿಂದ ರಜಕ್ಕೆ ಬಂದವರದ್ದು ಬೇರೆಯೇ ಕಥೆ, ಶೇಕಡಾ 15, 20 ಅಂತ ಲೆಕ್ಕ ಹಾಕಿ ಕೊಡ್ತಾರೆ. ಅಲ್ಲಿ ಟಿಪ್ಸ್ ಸಿಗೋ ಕೆಲಸಗಾರರಿಗೆ ಮಾಲೀಕ ಕೊಡಬೇಕಾದ ಕನಿಷ್ಠ ಕೂಲಿ, ಕೇಂದ್ರದ ಕಾನೂನಿನ ಪ್ರಕಾರ, ಗಂಟೆಗೆ 2.13 ಡಾಲರ್ ಅಂತೆ. 1991ರಿಂದ ಹಾಗೇ ಇದೆಯಂತೆ, ಉಳಿದದ್ದು ಟಿಪ್ಸ್‌ನಲ್ಲಿ ತುಂಬಬೇಕು, ಕಮ್ಮಿ ಬಿದ್ದರೆ ಮಾಲೀಕ ಕೊಡಬೇಕಂತೆ. ಇದನ್ನ ಒಬ್ಬರು ಬಾಗಿಲಲ್ಲೇ ನಿಲ್ಲಿಸಿಕೊಂಡು ವಿವರಿಸಿದರು. ಎರಡು ವಾರ ಕಳೀಲಿ, ಅವರೂ ಇಪ್ಪತ್ತು ರೂಪಾಯಿಗೆ ಇಳಿದಿರ್ತಾರೆ!

ಇನ್ನು ಐಪಿಎಲ್. ಆರ್‌ಸಿಬಿ ಸೋತ ರಾತ್ರಿ ಕೊನೇ ಓವರ್ ಹಾಕಿದ್ದು ನಾನೇ ಅನ್ನೋ ಹಾಗೆ ನೋಡ್ತಾರೆ. 2025ರ ಜೂನ್ 3ಕ್ಕೆ, ಹದಿನೆಂಟನೇ ಸೀಸನ್‌ನಲ್ಲಿ ಕಪ್ ಬಂತಲ್ಲ, ಅವತ್ತು ರಾತ್ರಿ ಗುರುತು ಪರಿಚಯ ಇಲ್ಲದವರು ತಬ್ಬಿಕೊಂಡು ಜೇಬಿಗೆ ನೋಟು ತುರುಕಿದರು.

ನನ್ನ ಕಡೆಯಿಂದ ಮಾಡೋದು ಇಷ್ಟೇ. ಬಾಕ್ಸ್ ಓರೆಯಾಗದ ಹಾಗೆ ತರ್ತೀನಿ, ಇಲ್ಲದಿದ್ದರೆ ಚೀಸೆಲ್ಲಾ ಮುಚ್ಚಳಕ್ಕೆ ಅಂಟಿರುತ್ತೆ. ಬ್ಯಾಗನ್ನ ಅವರ ಎದುರೇ ತೆರೀತೀನಿ, ಬಿಸಿ ಹಬೆ ಅವರಿಗೂ ಕಾಣಲಿ. ಒರೆಗಾನೊ, ಚಿಲ್ಲಿ ಫ್ಲೇಕ್ಸ್ ಪ್ಯಾಕೆಟ್ ಎರಡು ಜಾಸ್ತಿ ಇಟ್ಟು, ಬಾಕ್ಸ್ ಮೇಲೆ ಇಡದೆ ಕೈಗೇ ಕೊಡ್ತೀನಿ. ಟಿಪ್ಸ್ ಬಾಯಿಬಿಟ್ಟು ಕೇಳಲ್ಲ, ಸ್ಟಾರ್ ಕೊಡಿ ಅಂತ ಗೋಗರೆಯೋದೂ ಇಲ್ಲ.

ಎಷ್ಟು ಕೊಡಬೇಕು ಅಂತ ಯಾರಾದರೂ ಕೇಳಿದರೆ ಇಪ್ಪತ್ತು ರೂಪಾಯಿ ಸಾಕು ಅಂತೀನಿ. ಅದೂ ಬೇಡ ಅನ್ನಿಸಿದರೆ ನನ್ನನ್ನ ಒಳಗೆ ಬಿಡಬೇಕಾ ಅಂತ ಗೇಟಿನಿಂದ ನಿಮ್ಮ ಫೋನಿಗೆ ಬರೋ ಎಂಟ್ರಿಯನ್ನಾದರೂ ಬೇಗ ಅಪ್ರೂವ್ ಮಾಡಿ. ಅಲ್ಲಿ ಉಳಿಯೋ ಐದು ಹತ್ತು ನಿಮಿಷಕ್ಕೆ ಇನ್ನೊಂದು ಆರ್ಡರ್ ಹಿಡಿದರೆ, ಅದರ ದುಡ್ಡು ಇಪ್ಪತ್ತಕ್ಕಿಂತ ಜಾಸ್ತಿಯೇ ಬರುತ್ತೆ.