ಕೋರೆಯ ತಳದ ನೀರಿಗೆ ಇಳಿಬಿಟ್ಟ ಸೆನ್ಸರ್

ನಮ್ಮ ತೋಟದ ಪಕ್ಕ ಹಳೆಯ ಕೆಂಪುಕಲ್ಲಿನ ಕೋರೆ ಇದೆ. ಮಳೆನೀರು ತುಂಬಿ 8 ಮೀಟರ್ ಆಳ. ಅದರಲ್ಲಿ ಕಾಟ್ಲಾ, ರೋಹು ಬಿಟ್ಟಿದ್ದೇನೆ. ಹೋದ ವರ್ಷ ಮೊದಲ ಜೋರು ಮಳೆಯ ಮರುದಿನ ಬೆಳಗ್ಗೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಸುಮಾರು ಸತ್ತೂ ಹೋದವು. ಬೇಸಿಗೆಯಲ್ಲಿ ಬಿಸಿನೀರು ಮೇಲೆ, ತಣ್ಣೀರು ಕೆಳಗೆ ಪದರವಾಗಿ ನಿಲ್ಲುತ್ತದೆ. ಗಾಳಿ-ಮಳೆಗೆ ಆ ಪದರ ಒಡೆದರೆ ತಳದ ಆಮ್ಲಜನಕ ಇಲ್ಲದ ನೀರು ಮೇಲಿನದಕ್ಕೆ ಬೆರೆಯುತ್ತದೆ. ಹಾಗಾಗಿ ಎರಡೂ ಕಡೆಯ ತಾಪಮಾನ ದಿನವೂ ಗೊತ್ತಾಗಬೇಕಿತ್ತು.

ತಾಪಮಾನ ಅಳೆಯುವ ಡಿಎಸ್18ಬಿ20 ಸೆನ್ಸರ್ ತಂದೆ. ಪ್ರತಿಯೊಂದಕ್ಕೂ ಬೇರೆ ಬೇರೆ ನಂಬರ್ ಇರುವುದರಿಂದ ಒಂದೇ ತಂತಿಗೆ ಹಲವನ್ನು ಜೋಡಿಸಬಹುದು. ಡೇಟಾ ತಂತಿಗೂ 3.3 ವೋಲ್ಟಿಗೂ ನಡುವೆ 4.7 ಕಿಲೋಓಮ್ ರೆಸಿಸ್ಟರ್, ಓದುವುದಕ್ಕೆ ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್. ಸರ್ಕ್ಯೂಟ್ ಅಷ್ಟೇ.

ಕಷ್ಟ ಇದ್ದದ್ದು ನೀರು ತಡೆಯುವುದರಲ್ಲಿ. ಮೊದಲು ಸ್ಟೀಲ್ ಕೊಳವೆಯಲ್ಲಿ ಸಿದ್ಧವಾಗಿ ಬರುವುದನ್ನೇ ಇಳಿಸಿದೆ. ಎರಡು ದಿನ ಚೆನ್ನಾಗಿತ್ತು. ಮೂರನೇ ದಿನ ಒಮ್ಮೆ 85 ಡಿಗ್ರಿ, ಒಮ್ಮೆ ಮೈನಸ್ 127 ತೋರಿಸಿತು. 85 ಬಂದರೆ ಸೆನ್ಸರಿಗೆ ಕರೆಂಟ್ ಹೋಗಿ ಬಂದಿದೆ, ಅಳೆಯುವುದು ಮುಗಿದಿಲ್ಲ ಅಂತ. ಮೈನಸ್ 127 ಬಂದರೆ ಸೆನ್ಸರ್ ಉತ್ತರವನ್ನೇ ಕೊಡುತ್ತಿಲ್ಲ ಅಂತ. ಮೇಲೆತ್ತಿ ತಂತಿ ಕತ್ತರಿಸಿದೆ. ತಾಮ್ರದ ಎಳೆಗಳು ಕಪ್ಪಾಗಿದ್ದವು, ಹಿಂಡಿದರೆ ನೀರಿನ ಹನಿ ಬಂತು. 10 ಮೀಟರ್ ಇಳಿದರೆ ಒತ್ತಡ ಎರಡು ಪಟ್ಟಾಗುತ್ತದೆ ನೋಡಿ, ಸಣ್ಣ ಸಂದು ಸಿಕ್ಕರೂ ನೀರು ನುಗ್ಗುತ್ತದೆ. ಒಮ್ಮೆ ಒಳಗೆ ಹೋದರೆ ದೀಪದ ಬತ್ತಿಗೆ ಎಣ್ಣೆ ಏರಿದ ಹಾಗೆ ಎಳೆಗಳ ನಡುವೆ ಹರಿಯುತ್ತದೆ.

ಎರಡನೇ ಸಲ ಕೊಳವೆ ಇಲ್ಲದ ಬರೀ ಸೆನ್ಸರ್ ತಗೊಂಡೆ. ಮೂರೂ ತಂತಿಯ ಮೇಲಿನ ಪ್ಲಾಸ್ಟಿಕ್ಕನ್ನು ಅರ್ಧ ಇಂಚು ಸುಲಿದು, ಎಳೆಗಳ ನಡುವೆ ಜಾಗವೇ ಉಳಿಯದ ಹಾಗೆ ಬೆಸುಗೆ ಕುಡಿಸಿದೆ. ಇಷ್ಟು ಮಾಡಿದ್ದೇ ದೊಡ್ಡ ಉಪಕಾರವಾಯಿತು, ನೀರು ಅಲ್ಲಿಗೇ ನಿಲ್ಲುತ್ತದೆ. ಒಂದು ತುದಿ ಮುಚ್ಚಿದ ತಾಮ್ರದ ಕೊಳವೆಯೊಳಗೆ ಇಟ್ಟು ಅರಾಲ್ಡೈಟ್ ಅಂಟು ಸುರಿದೆ. ಹೇರ್ ಡ್ರೈಯರ್‌ನಲ್ಲಿ ಸ್ವಲ್ಪ ಬಿಸಿ ಮಾಡಿದರೆ ಅಂಟು ತೆಳುವಾಗಿ ಗಾಳಿಗುಳ್ಳೆ ಮೇಲೆ ಬರುತ್ತದೆ. ಪೂರ್ತಿ ಒಂದು ದಿನ ಮುಟ್ಟಲಿಲ್ಲ.

ಈ ಸೆನ್ಸರಿನಲ್ಲಿ ಅರ್ಧ ಡಿಗ್ರಿ ಆಚೀಚೆ ಆಗಬಹುದು. ನನಗೆ ಬೇಕಿದ್ದದ್ದು ಹೀಗೆ ಮಾಡಿದ ಎರಡು ಸೆನ್ಸರುಗಳ ನಡುವಿನ ವ್ಯತ್ಯಾಸ. ಅದಕ್ಕೇ ಎರಡನ್ನೂ ಒಟ್ಟಿಗೆ ಕಟ್ಟಿ, ಫ್ಲಾಸ್ಕಿನಲ್ಲಿ ಪುಡಿ ಐಸು, ಸ್ವಲ್ಪ ನೀರು ಹಾಕಿ ಮುಳುಗಿಸಿದೆ. ಒಂದು 0.2, ಇನ್ನೊಂದು 0.4 ತೋರಿಸಿತು. ಅಷ್ಟಷ್ಟನ್ನು ಪ್ರೋಗ್ರಾಮಿನಲ್ಲೇ ಕಳೆದೆ.

ಭಾರ ತಂತಿಯ ಮೇಲೆ ಬೀಳಬಾರದು. ನೈಲಾನ್ ಹಗ್ಗಕ್ಕೆ ಕಲ್ಲು ಕಟ್ಟಿ, ಮೀಟರಿಗೊಂದು ಗುರುತು ಹಾಕಿ, ತಂತಿಯನ್ನು ಅದಕ್ಕೆ ಸಡಿಲವಾಗಿ ಕಟ್ಟಿದೆ. ಪ್ರತಿ ಗುರುತಿನಲ್ಲೂ ಐದು ನಿಮಿಷ ಕಾದೆ, ಕೊಳವೆಗೂ ಅಂಟಿಗೂ ತಣಿಯಲು ಟೈಮ್ ಬೇಕಲ್ವಾ? ಏಪ್ರಿಲ್ ಮಧ್ಯಾಹ್ನ ಮೇಲೆ 32.4 ಇತ್ತು. 2 ಮೀಟರಿನವರೆಗೂ ಜಾಸ್ತಿ ಬದಲಾಗಲಿಲ್ಲ. 3ರಿಂದ 4 ಮೀಟರಿಗೆ ಬರುವಾಗ ಸರ್ರನೆ ಇಳಿದು ತಳದಲ್ಲಿ 27.1ಕ್ಕೆ ನಿಂತಿತು.

ಈಗ ಒಂದು ಸೆನ್ಸರ್ 1 ಮೀಟರಿನಲ್ಲಿ, ಇನ್ನೊಂದು 7 ಮೀಟರಿನಲ್ಲಿ ಕಾಯಂ ಇದೆ. ಮೋಡ ಕವಿದ ದಿನ ಎರಡರ ಅಂತರ ಇಳಿಯತೊಡಗಿದರೆ ನೀರಿಗೆ ಗಾಳಿ ಬೆರೆಸುವ ಏರೇಟರ್ ಹಾಕಿಯೇ ಮಲಗುತ್ತೇನೆ.