ಪೂಜೆಯ ಗುರುತುಗಳನ್ನು ಅಳಿಸದೆ: ಮಠದ ಮಂಟಪದಲ್ಲಿ ವಸ್ತುಸಂಗ್ರಹಾಲಯ ಮಾಡಿದ ನನ್ನ ಅನುಭವ

ಕಲಬುರಗಿ ಜಿಲ್ಲೆಯ ಒಂದು ಮಠದಲ್ಲಿ, ಬಳಕೆ ತಪ್ಪಿದ ಪ್ರಾರ್ಥನಾ ಮಂಟಪದೊಳಗೆ ಹಳೆಯ ಪೂಜಾ ಸಾಮಗ್ರಿಗಳನ್ನು ಜೋಡಿಸಿಡುವ ಹೊಣೆ ನನ್ನ ಮೇಲೆ ಬಿದ್ದಾಗ, ನಾನು ಮಾದರಿಯಾಗಿ ಇಟ್ಟುಕೊಂಡದ್ದು ಹಳೆ ಗೋವಾದ ಕ್ರೈಸ್ತ ಕಲಾ ವಸ್ತುಸಂಗ್ರಹಾಲಯವನ್ನು. 1994ರಲ್ಲಿ ಪಾದ್ರಿಗಳನ್ನು ತರಬೇತುಗೊಳಿಸುವ ರಾಶೋಲ್ ಸೆಮಿನರಿಯಲ್ಲಿ ಆರಂಭವಾದ ಆ ಸಂಗ್ರಹ 2002ರಲ್ಲಿ ಸಾಂತಾ ಮೋನಿಕಾ ಕಾನ್ವೆಂಟಿನ ಚರ್ಚಿಗೆ ಬಂದಿತು. 1606ರಲ್ಲಿ ಸ್ಥಾಪನೆಯಾದ ಈ ಕಾನ್ವೆಂಟ್ ಅಗಸ್ಟಿನಿಯನ್ ಪಂಥದ ಸನ್ಯಾಸಿನಿಯರದು; ಗೋಡೆಗಳು ಜಂಬಿಟ್ಟಿಗೆಯವು. ಕ್ರೈಸ್ತರ ಕಥೆಯಲ್ಲಿ ಬರುವಂತೆ ತನ್ನ ಎದೆಯನ್ನೇ ಕುಕ್ಕಿಕೊಂಡು ಮರಿಗಳಿಗೆ ರಕ್ತ ಉಣಿಸುವ ಪೆಲಿಕನ್ ಹಕ್ಕಿಯ ಬೆಳ್ಳಿಯ ಕೃತಿ ಅಲ್ಲಿದೆ. ಪವಿತ್ರ ಪ್ರಸಾದವನ್ನು ಇಡಲು ಮಾಡಿದ ಆ ಕೃತಿಯನ್ನು ಚರ್ಚಿನ ಕಮಾನಿನ ಕೆಳಗೆ ನಿಂತು ನೋಡಿದಾಗ ಅದರ ಉಪಯೋಗ ಏನೆಂದು ಯಾರೂ ವಿವರಿಸಬೇಕಾಗುವುದಿಲ್ಲ. ಆದ್ದರಿಂದಲೇ ನಾವು ಮಂಟಪದ ಗದ್ದುಗೆಯನ್ನು ಕದಲಿಸಲಿಲ್ಲ, ಅದರ ಮುಂದೆ ಗಾಜಿನ ಪೆಟ್ಟಿಗೆಗಳನ್ನೂ ಇಡಲಿಲ್ಲ.

ಯಾವ ವಸ್ತುವನ್ನೂ ಒರೆಸುವ ಮೊದಲು ಫೋಟೊ ತೆಗೆದು ವಹಿಯಲ್ಲಿ ಬರೆದೆವು. ಲೋಹದ ವಸ್ತುಗಳ ತಳದಲ್ಲಿ ಅಸಿಟೋನಿನಲ್ಲಿ ಕರಗಿಸಿದ ಪ್ಯಾರಾಲಾಯ್ಡ್ ಬಿ-72 ಅಂಟನ್ನು ಸವರಿ, ಒಣಗಿದ ಮೇಲೆ ಶಾಯಿಯಲ್ಲಿ ಸಂಖ್ಯೆ ಬರೆದು, ಮೇಲೆ ಮತ್ತೊಂದು ಪದರ ಕೊಟ್ಟೆವು. ಬೇಕೆಂದಾಗ ಇದನ್ನು ತೆಗೆದುಹಾಕಬಹುದು. ಅಸಿಟೋನು ಬಣ್ಣವನ್ನೇ ಕರಗಿಸಬಹುದಾದ್ದರಿಂದ ಬಣ್ಣದ ಕಟ್ಟಿಗೆಗೆ ಮಾತ್ರ ನೂಲಿನ ಚೀಟಿ ಕಟ್ಟಿದೆವು.

ಹೆಚ್ಚು ಚರ್ಚೆ ನಡೆದದ್ದು ಸ್ವಚ್ಛತೆಯ ವಿಷಯದಲ್ಲಿ. ಹಬ್ಬ ಬಂದರೆ ಹುಣಸೆಹಣ್ಣಿನಿಂದ ತಿಕ್ಕಿ ಫಳಫಳ ಮಾಡುವುದು ಮಠದ ರೂಢಿ. ಪ್ರತಿ ಸಲವೂ ಹುಳಿಯೊಂದಿಗೆ ಲೋಹದ ತೆಳುವಾದ ಪದರವೂ ಹೋಗುತ್ತದೆ. ಇಷ್ಟಲಿಂಗವನ್ನು ಇಟ್ಟು ಧರಿಸುವ ಬೆಳ್ಳಿಯ ಕರಡಿಗೆಯೊಂದರ ಬಳ್ಳಿಯ ಕೆತ್ತನೆ ಬೆರಳು ತಾಗುವ ಕಡೆ ಸವೆದು ನುಣುಪಾಗಿತ್ತು, ಸಂದಿಗಳಲ್ಲಿ ವಿಭೂತಿ ಗಟ್ಟಿಯಾಗಿ ಕೂತಿತ್ತು. ಆ ವಿಭೂತಿಯನ್ನು ಹಾಗೆಯೇ ಬಿಡಬೇಕೆಂದು ನಾನು ಹಟ ಹಿಡಿದೆ. ಕರಡಿಗೆ ಅಂಗಡಿಯ ಸರಕಲ್ಲ, ಎದೆಯ ಮೇಲೆ ಇದ್ದದ್ದು ಎಂಬುದಕ್ಕೆ ಅದೇ ಸಾಕ್ಷಿ. ಹಿತ್ತಾಳೆಯ ದೀಪಗಳ ಎಣ್ಣೆಜಿಡ್ಡನ್ನು ಮಾತ್ರ ತೆಗೆಸಿದೆ, ಏಕೆಂದರೆ ಹಳಸಿದ ಎಣ್ಣೆಯ ಆಮ್ಲ ಲೋಹವನ್ನು ತಿಂದು ಹಸಿರು ಕಿಲುಬು ಹಿಡಿಸುತ್ತದೆ. ಬಿದರಿಯ ತಟ್ಟೆಗೆ ಒಣ ಬಟ್ಟೆ ಬಿಟ್ಟು ಬೇರೇನನ್ನೂ ತಾಗಿಸಲಿಲ್ಲ. ಸತು ಮತ್ತು ತಾಮ್ರದ ಆ ಮಿಶ್ರಲೋಹಕ್ಕೆ ಕಪ್ಪು ಬರುವುದು ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದಿಂದ (ಅಮೋನಿಯಂ ಕ್ಲೋರೈಡ್). ಪಾಲಿಶ್ ಹಾಕಿದರೆ ಮೊದಲು ಹೋಗುವುದೇ ಆ ಕಪ್ಪು.

ಗೋವಾದಲ್ಲಿ ತೇವದ ಕಾಟ, ನಮ್ಮಲ್ಲಿ ನಲವತ್ತು ಡಿಗ್ರಿ ದಾಟುವ ಒಣ ಬಿಸಿಲು. ಬಂದವರೆಲ್ಲ ಕೂಲರ್ ಹಾಕಿಸಿ ಎಂದರು (ಕಲಬುರಗಿಯ ಬೇಸಿಗೆಯಲ್ಲಿ ಬೇರೆ ಸಲಹೆ ಬರುವುದಾದರೂ ಹೇಗೆ!). ಆದರೆ ಹಗಲು ಕೂಲರಿನ ತೇವ ಕುಡಿದು ರಾತ್ರಿ ಒಣಗುವ ಕಟ್ಟಿಗೆ ಹಿಗ್ಗಿ ಕುಗ್ಗಿ ಬಿರುಕು ಬಿಡುತ್ತದೆ. ಅದಕ್ಕೆ ಬದಲಾಗಿ ಪಲ್ಲಕ್ಕಿಯನ್ನು ಹೊರಗೋಡೆಯಿಂದ ದೂರ ಇಟ್ಟು, ಪಡುವಣ ಕಿಟಕಿಗಳಿಗೆ ದಪ್ಪ ಖಾದಿ ಪರದೆ ಕಟ್ಟಿದೆವು.

ಶ್ರಾವಣದಲ್ಲಿ ಪಲ್ಲಕ್ಕಿ ಹೊರಡಲೇಬೇಕೆಂದು ಮಠದ ಅಪ್ಪನವರು ಹೇಳಿದರು, ನಾನೂ ಒಪ್ಪಿದೆ. ಹೋಗುವಾಗ ಮತ್ತು ಮರಳಿದಾಗ ಅದರ ಸ್ಥಿತಿಯನ್ನು ಬರೆಯಲು ವಹಿಯಲ್ಲಿ ಈಗ ಪ್ರತ್ಯೇಕ ಅಂಕಣವಿದೆ.