ಬೇಸಿಗೆ ಪ್ರಯಾಣದಲ್ಲಿ ಹೊಲಿಯಬಹುದಾದ ಕೌದಿ

ರಜೆಯಲ್ಲಿ ಊರಿಗೆ ಹೊರಡುವವರು ಇಡೀ ಕೌದಿಯನ್ನು ಹೊತ್ತೊಯ್ಯುವ ಬದಲು ಅದನ್ನು ಚೌಕಗಳಾಗಿ ವಿಂಗಡಿಸಿಕೊಳ್ಳುವುದು ಒಳ್ಳೆಯದು. ಮಗುವಿಗೆ ಹೊದಿಸುವಂಥ, 36 ಇಂಚು ಅಗಲ ಮತ್ತು 48 ಇಂಚು ಉದ್ದದ ಕೌದಿಗೆ 12 ಇಂಚಿನ 12 ಚೌಕಗಳು ಸಾಕು. ಜೋಡಣೆಯ ಹೊಲಿಗೆಗೆಂದು ಪ್ರತಿಯೊಂದನ್ನೂ 12½ ಇಂಚಿಗೆ ಕತ್ತರಿಸಬೇಕು. ಹಳೆಯ ಹತ್ತಿ ಸೀರೆ, ಪಂಚೆಗಳು ಈಗಾಗಲೇ ಕುಗ್ಗಿ ಮೆತ್ತಗಾಗಿರುವುದರಿಂದ ಅವೇ ಉತ್ತಮ. ಹೊಸ ಬಟ್ಟೆಯಾದರೆ ಮೊದಲೇ ಒಗೆದು, ಒದ್ದೆಯಿರುವಾಗಲೇ ಬಿಳಿ ಬಟ್ಟೆಗೆ ಒತ್ತಿ, ಬಣ್ಣ ಬಿಡುತ್ತದೆಯೇ ಎಂದು ನೋಡಿ.

ಪ್ರತಿ ಚೌಕದ ಮೂರು ಪದರಗಳನ್ನು (ಮುಂಬದಿಯ ಬಟ್ಟೆ, ನಡುವಿನ ಪದರ, ಹಿಂಬದಿಯ ಬಟ್ಟೆ) ಸೇರಿಸಿ, ಅಂಚಿನಲ್ಲಿ ಮುಕ್ಕಾಲು ಇಂಚು ಬಿಟ್ಟು, ಒಳಭಾಗಕ್ಕೆ ಮಾತ್ರ ರನ್ನಿಂಗ್ ಸ್ಟಿಚ್ (ಸೂಜಿಯನ್ನು ಮೇಲೆ-ಕೆಳಗೆ ಆಡಿಸುತ್ತಾ ಸಾಗುವ ನೇರ ಹೊಲಿಗೆ) ಹಾಕಿದರೆ, ಮನೆಗೆ ಮರಳಿದ ಮೇಲೆ ಮುಂಬದಿಯನ್ನು ಯಂತ್ರದಲ್ಲಿ ಜೋಡಿಸಿ, ಹಿಂಬದಿಯ ಬಟ್ಟೆಯನ್ನು ಮಡಿಚಿ ಕೈಯಲ್ಲಿ ಹೊಲಿದುಬಿಡಬಹುದು. ಅಜ್ಜಿಗೊಂದು, ಮಕ್ಕಳಿಗೊಂದು ಚೌಕ ಕೊಡಿ. ಹೊಲಿಗೆ ಏರುಪೇರಾದರೂ ದಯವಿಟ್ಟು ಬಿಚ್ಚಿಸಬೇಡಿ, ಯಾರ ಕೈಕೆಲಸವೆಂದು ಮುಂದೆ ಗುರುತಿಸಲು ಅದೇ ನೆರವಾಗುತ್ತದೆ.

ಪ್ರವಾಸ ಉತ್ತರ ಕನ್ನಡದ ಕಡೆಗಿದ್ದರೆ, ಯಲ್ಲಾಪುರ, ಹಳಿಯಾಳ ಭಾಗದ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಹಿಳೆಯರ ಕೌದಿಗಳನ್ನು ಅವಶ್ಯವಾಗಿ ಗಮನಿಸಿ: ಅವರು ತುಂಡುಗಳನ್ನು ಅಂಚಿನಿಂದ ನಡುವಿನತ್ತ ಕೂರಿಸುತ್ತಾ, ಪದರಗಳನ್ನೂ ಅದೇ ಹೊಲಿಗೆಯಲ್ಲಿ ಬಂಧಿಸುತ್ತಾ ಹೋಗುತ್ತಾರೆ. ವಿಮಾನದಲ್ಲಿ ಹೋಗುವವರು ಕತ್ತರಿಯನ್ನು ಕೈಚೀಲದಲ್ಲಿಡದೆ ಚೆಕ್-ಇನ್ ಸಾಮಾನಿನಲ್ಲಿ ಇಡಬೇಕು.